ಮೌಸ್ ಹಿಡಿದ ಕೈಗೆ ಜೋಮು ಏಕೆ?

ಪರೀಕ್ಷೆ ಹತ್ತಿರ ಬಂದಿದೆ. ಬರೆಯಲು ಕುಳಿತ ಮಗ ಅರ್ಧ ಪುಟ ಮುಗಿಯುವ ಮೊದಲೇ ಪೆನ್ನು ಕೆಳಗಿಟ್ಟು ಕೈ ಕೊಡವುತ್ತಾನೆ. 'ಅಮ್ಮ, ಬೆರಳೆಲ್ಲ ಜೋಮು ಹಿಡೀತಿದೆ' ಎನ್ನುತ್ತಾನೆ. ಓದಲು ಬರೆಯಲು ಸೋಮಾರಿತನ ಎಂದು ನೀವು ಗದರುತ್ತೀರಿ. ಆದರೆ ಅದೇ ಕೈ ಪ್ರತಿ ಸಂಜೆ ಮೂರು ಗಂಟೆ ಕಂಪ್ಯೂಟರಿನ ಮೌಸ್ ಹಿಡಿದಿರುತ್ತದೆ ಎಂಬುದು ಯಾರ ಗಮನಕ್ಕೂ ಬಂದಿರುವುದಿಲ್ಲ.

ಆಟಗಾರನ ಕಣ್ಣಿನಿಂದಲೇ ನೋಡುತ್ತ ಗುರಿಯಿಟ್ಟು ಗುಂಡು ಹಾರಿಸುವ ಸ್ಪರ್ಧೆಯ ಆಟಗಳು ಇಂದು ಅನೇಕ ಮನೆಗಳಲ್ಲಿವೆ. 1999ರಲ್ಲಿ ಹುಟ್ಟಿದ 'ಕೌಂಟರ್-ಸ್ಟ್ರೈಕ್' ಮತ್ತು 2020ರಲ್ಲಿ ಬಂದ 'ವಾಲರೆಂಟ್' ಇವುಗಳಲ್ಲಿ ಹೆಸರಾದವು. ಈ ಆಟಗಳಲ್ಲಿ ಎಡಗೈ ಕೀಲಿಮಣೆಯ ಮೇಲೆ, ಬಲಗೈ ಮೌಸ್ ಮೇಲೆ ಬಿಡುವಿಲ್ಲದೆ ಕೆಲಸ ಮಾಡುತ್ತವೆ. ಆಟವನ್ನು ಒಮ್ಮೆಲೇ ನಿಲ್ಲಿಸುವ ಮೊದಲು ಮಗನ ಪಕ್ಕ ಕುಳಿತು ಆಟದ 'ಸೆಟ್ಟಿಂಗ್ಸ್' ನೋಡಿ. ಹಲವು ತೊಂದರೆಗಳ ಮೂಲ ಅಲ್ಲಿಯೇ ಇರುತ್ತದೆ.

ಮೌಸ್ ಎಷ್ಟು ಚುರುಕಾಗಿರಬೇಕು?

ಮೌಸ್ ಒಂದು ಅಂಗುಲ ಸರಿದಾಗ ಎಷ್ಟು ಎಣಿಕೆ ಕಳುಹಿಸುತ್ತದೆ ಎಂಬುದೇ 'ಡಿಪಿಐ'. ಆಟದೊಳಗಿನ 'ಸೆನ್ಸಿಟಿವಿಟಿ' ಇದಕ್ಕೆ ಗುಣಕದಂತೆ ಸೇರುತ್ತದೆ. ಕೌಂಟರ್-ಸ್ಟ್ರೈಕ್‌ನಲ್ಲಿ 800 ಡಿಪಿಐ, ಸೆನ್ಸಿಟಿವಿಟಿ 1 ಇದ್ದರೆ ಒಂದು ಪೂರ್ಣ ಸುತ್ತು ತಿರುಗಲು ಮೌಸನ್ನು ಸುಮಾರು 52 ಸೆಂ.ಮೀ. ಎಳೆಯಬೇಕು. ಸೆನ್ಸಿಟಿವಿಟಿ 2 ಮಾಡಿದರೆ 26 ಸೆಂ.ಮೀ. ಸಾಕು. ಬೇರೆ ಆಟಗಳ ಲೆಕ್ಕ ಬೇರೆ. ಆದ್ದರಿಂದ ಸಂಖ್ಯೆಯನ್ನು ನೋಡುವ ಬದಲು ಮೇಜಿನ ಮೇಲೆ ಸ್ಕೇಲು ಇಟ್ಟು ಅಳೆಯಿರಿ.

ದೂರ ತೀರ ಕಡಿಮೆಯಿದ್ದರೆ ಇಡೀ ಕೆಲಸ ಮಣಿಕಟ್ಟಿನ ಮೇಲೆ ಬೀಳುತ್ತದೆ. ಸಣ್ಣ ಅಲುಗಾಟವೂ ಗುರಿ ತಪ್ಪಿಸುವುದರಿಂದ ಹುಡುಗ ಮೌಸನ್ನು ಬಿಗಿಯಾಗಿ ಹಿಡಿಯುತ್ತಾನೆ. ದೂರ ತೀರ ಹೆಚ್ಚಾದರೆ ಭುಜ ನೋಯುತ್ತದೆ. 30ರಿಂದ 50 ಸೆಂ.ಮೀ. ಒಳಗೆ ಆರಂಭಿಸಿ, ಮೊಣಕೈಯಿಂದ ಮೌಸ್ ಸರಿಸುವ ಅಭ್ಯಾಸ ಮಾಡಿಸಿ. ಇದಕ್ಕೆ ಮೇಜಿನ ಮೇಲೆ ಜಾಗ ಬೇಕು. ಪುಸ್ತಕ, ಲೋಟಗಳನ್ನು ಅಲ್ಲಿಂದ ತೆಗೆಯಿರಿ. ಒಮ್ಮೆ ಹೊಂದಿಸಿದ ಮೇಲೆ ಎರಡು ವಾರ ಬದಲಿಸಬೇಡಿ. ದಿನಕ್ಕೊಂದು ಸಂಖ್ಯೆ ಇಟ್ಟರೆ ಕೈಗೆ ಅಭ್ಯಾಸವಾಗುವುದಿಲ್ಲ.

ಎಡಗೈಯನ್ನು ಮರೆಯಬೇಡಿ

ಈ ಆಟಗಳಲ್ಲಿ ಬಗ್ಗಿ ಕೂರಲು 'ಕಂಟ್ರೋಲ್', ಸದ್ದಿಲ್ಲದೆ ನಡೆಯಲು 'ಶಿಫ್ಟ್' ಕೀಲಿಯನ್ನು ಒತ್ತಿ ಹಿಡಿಯುವುದು ರೂಢಿ. ಎರಡೂ ಕಿರುಬೆರಳಿನ ಪಾಲಿಗೆ ಬರುತ್ತವೆ. ಕೈಯಲ್ಲಿ ದುರ್ಬಲವಾದದ್ದು ಅದೇ ಬೆರಳು. ಕೀಲಿಗಳನ್ನು ನಮಗೆ ಬೇಕಾದಂತೆ ಬದಲಿಸುವ ಸೌಲಭ್ಯ ಆಟದಲ್ಲಿಯೇ ಇದೆ. ಒಂದು ಕೆಲಸವನ್ನು ಹೆಬ್ಬೆರಳಿಗೆ ಹತ್ತಿರದ ಕೀಲಿಗೋ ಮೌಸ್‌ನ ಪಕ್ಕದ ಗುಂಡಿಗೋ ವರ್ಗಾಯಿಸಿದರೆ ಕಿರುಬೆರಳಿಗೆ ವಿಶ್ರಾಂತಿ ಸಿಗುತ್ತದೆ. ಮಣಿಕಟ್ಟು ಮೇಲಕ್ಕೆ ಬಾಗದೆ ನೇರವಾಗಿರಬೇಕು. ಮೊಣಕೈ ಮೇಜಿನ ಅಂಚಿಗೆ ಒತ್ತಬಾರದು.

ತಲೆ ಸುತ್ತು, ಕಣ್ಣು ಉರಿ

ಕೆಲವರಿಗೆ ಹತ್ತೇ ನಿಮಿಷದಲ್ಲಿ ತಲೆ ಸುತ್ತಿ ವಾಕರಿಕೆ ಬರುತ್ತದೆ. ಘಾಟಿ ರಸ್ತೆಯ ಬಸ್ಸಿನಲ್ಲಿ ಆಗುವುದೂ ಇದೇ, ಆದರೆ ತಿರುವುಮುರುವಾಗಿ. ಬಸ್ಸಿನಲ್ಲಿ ಓದುವಾಗ ಪುಸ್ತಕ ನಿಂತಂತೆ ಕಾಣುತ್ತದೆ, ದೇಹ ಚಲಿಸುತ್ತದೆ. ಇಲ್ಲಿ ಕಣ್ಣು 'ಓಡುತ್ತಿದ್ದೇನೆ' ಎನ್ನುತ್ತದೆ, ಒಳಕಿವಿ 'ಕುಳಿತಿದ್ದೇನೆ' ಎನ್ನುತ್ತದೆ. ಆಟದಲ್ಲಿ 'ಮೋಷನ್ ಬ್ಲರ್', ನಡೆಯುವಾಗ ದೃಶ್ಯ ಕುಲುಕುವ ಆಯ್ಕೆಗಳಿದ್ದರೆ ಅವುಗಳನ್ನು ತೆಗೆಯಿರಿ. ನೋಟದ ಅಗಲ ಬದಲಿಸಲು ಅವಕಾಶವಿದ್ದರೆ ಸ್ವಲ್ಪ ಹೆಚ್ಚಿಸಿ ನೋಡಿ. ಚಿತ್ರಗಳ ಸೊಬಗು ಕಡಿಮೆ ಮಾಡಿದರೂ ಸರಿಯೆ, ದೃಶ್ಯ ತಡವರಿಸಬಾರದು. ವಾಕರಿಕೆ ಬಂದ ಕೂಡಲೇ ಆಟ ನಿಲ್ಲಿಸಬೇಕು, ಸಹಿಸಿಕೊಂಡು ಮುಂದುವರಿಸಬಾರದು.

ಪರದೆಯನ್ನೇ ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಪರದೆ ಒಂದು ತೋಳಿನಷ್ಟು ದೂರವಿರಲಿ, ಅದರ ಮೇಲಂಚು ಕಣ್ಣಿನ ಮಟ್ಟದಲ್ಲಿರಲಿ. ದೀಪ ಆರಿಸಿ ಆಡುವುದು ಬೇಡ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದು ಒಳ್ಳೆಯ ರೂಢಿ. ಆಟದ ನಡುವೆ ಆಗದಿದ್ದರೆ ಪ್ರತಿ ಸುತ್ತಿನ ಕೊನೆಯಲ್ಲಿ ಮಾಡಬಹುದು.

ಕಿವಿಗೂ ಮಿತಿ ಇದೆ

ಶತ್ರುವಿನ ಹೆಜ್ಜೆ ಸಪ್ಪಳ ಕೇಳಲೆಂದು ಮಕ್ಕಳು ಹೆಡ್‌ಫೋನಿನ ಧ್ವನಿ ಏರಿಸುತ್ತಾರೆ. ಆಗ ಗುಂಡಿನ ಸದ್ದು ಕಿವಿಗೆ ಅಪ್ಪಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್, ಮಕ್ಕಳಿಗೆ 75 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆಯವರೆಗೆ ಸುರಕ್ಷಿತ. ಧ್ವನಿಯನ್ನು ಗರಿಷ್ಠದ ಶೇ. 60ರೊಳಗೆ ಇಡಿ. ಪಕ್ಕದಲ್ಲಿ ನಿಂತು ನೀವು ಸಹಜವಾಗಿ ಕರೆದರೆ ಮಗನಿಗೆ ಕೇಳಬೇಕು.

ವೈದ್ಯರ ಬಳಿ ಯಾವಾಗ?

ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು. ರಾತ್ರಿ ಎಚ್ಚರವಾಗಿ ಕೈ ಕೊಡವಬೇಕೆನಿಸುವುದು. ಹಿಡಿದ ಲೋಟ ಜಾರುವುದು: ಇವು ಮಣಿಕಟ್ಟಿನಲ್ಲಿ ನರ ಒತ್ತಿಹೋಗುತ್ತಿರುವ ಸೂಚನೆಗಳಾಗಿರಬಹುದು. ಕಿರುಬೆರಳಿಗೆ ಜೋಮು ಬಂದರೆ ಮೊಣಕೈ ಬಳಿಯ ನರವನ್ನು ಶಂಕಿಸಬೇಕು. ಎರಡು ವಾರ ಆಟ ಕಡಿಮೆ ಮಾಡಿದರೂ ಜೋಮು ಹೋಗದಿದ್ದರೆ, ಬಲ ಕುಂದಿದ್ದರೆ ಕೂಡಲೇ, ವೈದ್ಯರಿಗೆ ತೋರಿಸಿ. ಬರೀ ನೋವಿನ ಮುಲಾಮು ಹಚ್ಚಿ ಆಟ ಮುಂದುವರಿಸುವುದು ಅಪಾಯ.

ಇನ್ನೊಂದು ಮಾತು. ಆಟ ನಿಲ್ಲಿಸಲಾಗದಿರುವುದು, ಊಟ, ನಿದ್ರೆ, ಓದಿಗಿಂತ ಆಟವೇ ಮೊದಲಾಗುವುದು, ಕೆಡುಕು ಕಂಡರೂ ಮುಂದುವರಿಸುವುದು: ಇವು ದೀರ್ಘಕಾಲ, ಸಾಮಾನ್ಯವಾಗಿ ಒಂದು ವರ್ಷ, ಕಂಡುಬಂದು ಬದುಕು ಏರುಪೇರಾದರೆ ಅದು ಕಾಯಿಲೆ. 2022ರ ಜನವರಿ 1ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಇದಕ್ಕೂ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಇಂಥವರಿಗಾಗಿಯೇ 'ಶಟ್' ಚಿಕಿತ್ಸಾಲಯ ಆರಂಭವಾಯಿತು. ಆದರೆ ರಜೆಯಲ್ಲಿ ಎರಡು ಗಂಟೆ ಆಡಿದ ಮಾತ್ರಕ್ಕೆ ಮಗುವಿಗೆ ಈ ಹಣೆಪಟ್ಟಿ ಹಚ್ಚಬೇಡಿ.

ಇಂದು ಸಂಜೆ ಗದರುವ ಬದಲು ಸ್ಕೇಲು ಹಿಡಿದು ಮಗನ ಪಕ್ಕ ಕುಳಿತುಕೊಳ್ಳಿ. ಗುರಿಯಿಡುವ ಕೈಯೇ ನಾಳೆ ಪರೀಕ್ಷೆಯನ್ನೂ ಬರೆಯಬೇಕು ಎಂಬುದನ್ನು ಅವನಿಗೆ ಸಮಾಧಾನವಾಗಿ ತಿಳಿಸಿ ಹೇಳಿ.