ಡಾಕ್ಟರ ಕೋಣೆಯ ಬಾಗಿಲು ತಟ್ಟುವ ಮುನ್ನ

ಸಣ್ಣ ನರ್ಸಿಂಗ್ ಹೋಮಿನ ಬೆಳಗಿನ ಓಪಿಡಿ ಹೊತ್ತಿನಲ್ಲಿ ಡಾಕ್ಟರ ಕೋಣೆಯ ಬಾಗಿಲು ಯಾವುದಕ್ಕೆಲ್ಲ ತೆರೆಯುತ್ತದೆ ನೋಡಿ. ಲ್ಯಾಬ್ ರಿಪೋರ್ಟ್ ಬಂದಿದೆ, ಬರೆದ ಕಂಪನಿಯ ಮಾತ್ರೆ ಮೆಡಿಕಲ್ ಶಾಪಿನಲ್ಲಿ ಇಲ್ಲ, ಡ್ರೆಸ್ಸಿಂಗ್‌ಗೆ ಬಂದವರು ಕೂತಿದ್ದಾರೆ, ಮೆಡಿಕಲ್ ರೆಪ್ ಎಷ್ಟು ಹೊತ್ತಿಗೆ ಬರಬೇಕು. ಇವುಗಳಲ್ಲಿ ಹೆಚ್ಚಿನವು ಹತ್ತು ನಿಮಿಷ ತಡೆದರೂ ಯಾರಿಗೂ ನಷ್ಟವಿಲ್ಲದ ಮಾತುಗಳು. ಆದರೂ ಅವನ್ನು ಮುಟ್ಟಿಸಲು ಇರುವ ದಾರಿಗಳೆಲ್ಲ, ಅಂದರೆ ಇಂಟರ್‌ಕಾಮ್, ಬಾಗಿಲು, ಕೂಗು, ಆ ಕ್ಷಣವೇ ಗಮನ ಕೇಳುವಂಥವು. 1998ರಲ್ಲಿ ಪ್ರಕಟವಾದ, ಬ್ರಿಟನ್ನಿನ ಒಂದು ಆಸ್ಪತ್ರೆಯಲ್ಲಿ ಎಂಟು ವೈದ್ಯರು ಮತ್ತು ಇಬ್ಬರು ನರ್ಸ್‌ಗಳ ಬೆನ್ನಿಗೇ ಇದ್ದು ನಡೆಸಿದ ಅಧ್ಯಯನ ಕಂಡದ್ದೂ ಇದನ್ನೇ: ಕಾಯಬಹುದಾದ ವಿಷಯಕ್ಕೂ ಸಿಬ್ಬಂದಿ ಇನ್ನೊಬ್ಬರ ಕೆಲಸ ತಡೆಯುವ ದಾರಿಯನ್ನೇ ಹಿಡಿಯುತ್ತಾರೆ. ಹೀಗೆ ತಡೆಯುವುದು ಬರೀ ಕಿರಿಕಿರಿಯ ಮಾತಲ್ಲ. ಸಿಡ್ನಿಯ ಎರಡು ದೊಡ್ಡ ಬೋಧನಾ ಆಸ್ಪತ್ರೆಗಳಲ್ಲಿ 98 ನರ್ಸ್‌ಗಳು 4,271 ಬಾರಿ ಔಷಧಿ ಕೊಟ್ಟದ್ದನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಡುವೆ ಬಂದ ಒಂದೊಂದು ಅಡ್ಡಿಯೊಂದಿಗೂ ಚಿಕಿತ್ಸೆಯ ತಪ್ಪುಗಳು ಸುಮಾರು ಶೇ 12ರಿಂದ 13ರಷ್ಟು ಏರಿದ್ದವು. ಅದು ದೊಡ್ಡ ಆಸ್ಪತ್ರೆಯ ವಾರ್ಡಿನ ಲೆಕ್ಕ, ನಮ್ಮ ತಾಲ್ಲೂಕು ಕೇಂದ್ರದ ಕ್ಲಿನಿಕ್ಕಿಗೆ ಅದೇ ಅಂಕಿ ಹೊಂದಬೇಕೆಂದಿಲ್ಲ. ಹಾಗೆಂದು ಇಲ್ಲಿನವರ ಗಮನ ಕದಲುವುದೇ ಇಲ್ಲ ಎನ್ನಲೂ ಕಾರಣವಿಲ್ಲ.

ಕಂಪ್ಯೂಟರ್ ಪರದೆಯ ಮೇಲೆ ಸಂದೇಶ ಕಳಿಸಿಕೊಳ್ಳುವ ವ್ಯವಸ್ಥೆ ಉಪಯೋಗಕ್ಕೆ ಬರುವುದು ಇಲ್ಲಿಯೇ. ಅದು ವೇಗವಾಗಿದೆ ಎಂದು ಹೊಗಳುವವರು ಅದರ ಅಸಲಿ ಗುಣವನ್ನು ಗುರುತಿಸಿಲ್ಲ. ಪಕ್ಕದ ಕೋಣೆಗೆ ಹೋಗಿ ಹೇಳುವುದಕ್ಕಿಂತ ವೇಗ ಬೇರೆ ಬೇಕೇ? ಸಂದೇಶದ ಗುಣವೆಂದರೆ ಅದು ಕಾಯುತ್ತದೆ. ಆದ್ದರಿಂದ ಸಾಫ್ಟ್‌ವೇರ್ ಹುಡುಕುವ ಮೊದಲು ಒಂದು ವಾರ ರಿಸೆಪ್ಷನ್ನಿನಲ್ಲಿ ನೋಟ್‌ಬುಕ್ ಇಡಿ. ಡಾಕ್ಟರ ಕೋಣೆಗೆ ಹೋದ ಪ್ರತಿ ಮಾತಿನ ಕಾರಣವನ್ನು ನಾಲ್ಕೇ ಪದದಲ್ಲಿ ಬರೆಯಿರಿ. ವಾರದ ಕೊನೆಗೆ ಅವು ಮೂರು ಗುಂಪಾಗಿ ಒಡೆಯುತ್ತವೆ. ಕಾಯಬಲ್ಲವು ಪರದೆಗೆ ಹೋಗಲಿ. ಎದೆನೋವು, ಫಿಟ್ಸ್ ಬಂದ ಮಗು, ಲ್ಯಾಬಿನಲ್ಲಿ ಗಾಬರಿ ಹುಟ್ಟಿಸುವಷ್ಟು ಏರಿದ ಪೊಟ್ಯಾಸಿಯಂ ಇಂಥವು ಪರದೆಗೆ ಹೋಗಲೇಕೂಡದು, ಎದ್ದು ಓಡಬೇಕು ಇಲ್ಲವೇ ಫೋನ್ ಮಾಡಬೇಕು. ಮೂರನೆಯ ಗುಂಪು ಜನ ಮರೆಯುವಂಥದ್ದು: ಔಷಧಿಯ ಆದೇಶ. ‘50 ಎಂಜಿ ಕೊಡಿ’ ಎಂದು ಸಂದೇಶದಲ್ಲಿ ಬರೆದರೆ ಅದು ಕೇಸ್ ಶೀಟಿನಲ್ಲಿ ಇರುವುದಿಲ್ಲ, ರಾತ್ರಿ ಪಾಳಿಯ ಸಿಸ್ಟರ್‌ಗೆ ಕಾಣುವುದಿಲ್ಲ. ಅಮೆರಿಕದಲ್ಲಿ ಸರ್ಕಾರಿ ಆರೋಗ್ಯ ವಿಮೆಯನ್ನು ನಡೆಸುವ ಸಂಸ್ಥೆ 2017ರ ಕೊನೆಯಲ್ಲಿ ಸಂದೇಶದ ಮೂಲಕ ಆದೇಶ ಕೊಡುವುದನ್ನು ಒಪ್ಪಿರಲಿಲ್ಲ. 2024ರ ಫೆಬ್ರುವರಿಯಲ್ಲಿ ಆಸ್ಪತ್ರೆಗಳಿಗೆ ಒಪ್ಪಿಗೆ ಕೊಟ್ಟಾಗಲೂ ಸುರಕ್ಷಿತ ವ್ಯವಸ್ಥೆ ಇರಬೇಕು, ಆದೇಶ ರೋಗಿಯ ದಾಖಲೆಗೆ ಸೇರಬೇಕು ಎಂದು ಕಟ್ಟು ಹಾಕಿತು. ಅಂಥ ಜೋಡಣೆ ಇಲ್ಲದ ಕಡೆ ನಿಯಮ ಸರಳವಾಗಿರಲಿ: ಆದೇಶ ಕೇಸ್ ಶೀಟಿಗೆ, ‘ಕೇಸ್ ಶೀಟ್ ನೋಡಿ’ ಎಂಬಷ್ಟು ಮಾತ್ರ ಪರದೆಗೆ.

ವಾಟ್ಸ್‌ಆ್ಯಪ್ ಗುಂಪು ಹೇಗೂ ಇದೆ, ಬೇರೆ ಗೋಜು ಯಾಕೆ ಎಂಬುದು ಎಲ್ಲೆಡೆ ಬರುವ ಆಕ್ಷೇಪ. ಅದಕ್ಕೆ ತಕ್ಕಮಟ್ಟಿನ ಬಲವೂ ಇದೆ. 2020ರ ಮಾರ್ಚಿನ ನಮ್ಮ ಟೆಲಿಮೆಡಿಸಿನ್ ಮಾರ್ಗಸೂಚಿಯೇ ವೈದ್ಯರು ರೋಗಿಗಳೊಂದಿಗೆ ವಾಟ್ಸ್‌ಆ್ಯಪ್ ಬಳಸುವುದನ್ನು ತಡೆದಿಲ್ಲ. ಆದರೆ ರೋಗಿ ತಾನಾಗಿ ಕಳಿಸಿದ ಸಂದೇಶ ಬೇರೆ, ಇಡೀ ದಿನದ ರೋಗಿಗಳ ವಿಷಯ ಸಿಬ್ಬಂದಿಯ ಸ್ವಂತ ಫೋನುಗಳಲ್ಲಿ ಮನೆಗೆ ಹೋಗುವುದು ಬೇರೆ. ಸ್ಕಾಟ್ಲೆಂಡಿನ ಸರ್ಕಾರಿ ಆರೋಗ್ಯ ಮಂಡಳಿ ಎನ್‌ಎಚ್‌ಎಸ್ ಲ್ಯಾನರ್ಕ್‌ಶೈರ್‌ನಲ್ಲಿ 2020ರ ಏಪ್ರಿಲಿನಿಂದ ಎರಡು ವರ್ಷ 26 ಸಿಬ್ಬಂದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ 500ಕ್ಕೂ ಹೆಚ್ಚು ಬಾರಿ ರೋಗಿಗಳ ಹೆಸರು, ಫೋನ್ ನಂಬರ್, ವಿಳಾಸದಂಥ ವಿವರಗಳು ಹರಿದಾಡಿದವು. ಸಿಬ್ಬಂದಿಯೇ ಅಲ್ಲದ ಒಬ್ಬರೂ ತಪ್ಪಿ ಗುಂಪಿಗೆ ಸೇರಿಹೋಗಿದ್ದರು. 2023ರಲ್ಲಿ ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ ಛೀಮಾರಿ ಹಾಕಿತು. ಅದೇ ವರ್ಷ ನಮ್ಮಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಾಹಿತಿಗೆ ತಕ್ಕ ರಕ್ಷಣೆ ಕೊಡದವರಿಗೆ ₹250 ಕೋಟಿವರೆಗೆ ದಂಡ ಹಾಕಲು ಅವಕಾಶವಿದೆ. ಇಬ್ಬರು ಡಾಕ್ಟರ ಕ್ಲಿನಿಕ್ಕಿಗೆ ಅಷ್ಟು ದೊಡ್ಡ ದಂಡ ಬೀಳಲಿಕ್ಕಿಲ್ಲ, ಆದರೆ ಜವಾಬ್ದಾರಿ ಯಾರ ತಲೆಯ ಮೇಲಿದೆ ಎಂಬುದರಲ್ಲಿ ಅನುಮಾನ ಉಳಿದಿಲ್ಲ.

ಎಲ್ಲರೂ ಒಂದೇ ಕಟ್ಟಡದಲ್ಲಿದ್ದರೆ ಇಂಟರ್ನೆಟ್ಟೇ ಬೇಡ. ಬೀಬೀಪ್, ಐಪಿ ಮೆಸೆಂಜರ್‌ನಂಥ ಉಚಿತ ಸಾಫ್ಟ್‌ವೇರ್‌ಗಳು ಒಂದೇ ರೌಟರಿಗೆ ಸೇರಿದ ಕಂಪ್ಯೂಟರ್‌ಗಳ ನಡುವೆ ಸರ್ವರ್ ಇಲ್ಲದೆಯೇ ಸಂದೇಶ ಮುಟ್ಟಿಸುತ್ತವೆ. ಕ್ಲಿನಿಕ್ಕಿನ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲೇ ಸಂದೇಶದ ಸೌಲಭ್ಯ ಇದೆಯೇ ಎಂದು ಮೊದಲು ಕೇಳಿ, ಇದ್ದರೆ ಅದೇ ಸಾಕು. ಎರಡು ಊರಿನಲ್ಲಿ ಶಾಖೆ ಇರುವವರಿಗೆ ಮಾತ್ರ ದುಡ್ಡು ಕೊಟ್ಟು ಬಳಸುವ ಆಫೀಸ್ ಚಾಟ್ ಬೇಕಾದೀತು. ಕಂಪ್ಯೂಟರಿನವರನ್ನು ಕರೆಸಿದ ದಿನವೇ ಎರಡು ಕೆಲಸ ಮಾಡಿಸಿ: ಕಾಯುವ ರೋಗಿಗಳಿಗೆ ಕೊಡುವ ವೈಫೈ ಬೇರೆ ಮಾಡಿಸಿ, ರೌಟರನ್ನು ಯುಪಿಎಸ್‌ಗೆ ಸೇರಿಸಿ. ಕರೆಂಟು ಹೋದಾಗ ಕಂಪ್ಯೂಟರ್ ಉಳಿದು ರೌಟರ್ ಸತ್ತರೆ ಸಂದೇಶ ಹೋಯಿತೆಂದು ಒಬ್ಬರು, ಬರಲೇ ಇಲ್ಲವೆಂದು ಇನ್ನೊಬ್ಬರು.

ಹೆಸರುಗಳನ್ನು ವ್ಯಕ್ತಿಗಲ್ಲ, ಕುರ್ಚಿಗೆ ಕೊಡಿ: ರಿಸೆಪ್ಷನ್, ಲ್ಯಾಬ್, ಕೋಣೆ 1, ಫಾರ್ಮಸಿ. ಪಾಳಿ ಬದಲಾದರೂ ಸಂದೇಶ ಸರಿಯಾದ ಜಾಗಕ್ಕೇ ಹೋಗುತ್ತದೆ. ಡಾಕ್ಟರ ಕಂಪ್ಯೂಟರಿನಲ್ಲಿ ಸದ್ದನ್ನೂ, ಪರದೆಯ ಮೂಲೆಯಲ್ಲಿ ಜಿಗಿದೇಳುವ ಪೆಟ್ಟಿಗೆಯನ್ನೂ ನಿಲ್ಲಿಸಿಬಿಡಿ, ಕೆಳಪಟ್ಟಿಯ ಚಿಹ್ನೆ ಬಣ್ಣ ಬದಲಿಸಿದರೆ ಸಾಕು. ಇದನ್ನು ಮಾಡದಿದ್ದರೆ ಬಾಗಿಲ ಅಡ್ಡಿ ಹೋಗಿ ಪರದೆಯ ಅಡ್ಡಿ ಬಂದಂತಾಗುತ್ತದೆ. ಸಂದೇಶ ವ್ಯವಸ್ಥೆಯ ಬಗ್ಗೆ ವೈದ್ಯರು ಎತ್ತುವ ಅತಿ ನ್ಯಾಯವಾದ ಆಕ್ಷೇಪ ಇದೇ. ಒಬ್ಬ ರೋಗಿ ಎದ್ದು ಹೋಗಿ ಇನ್ನೊಬ್ಬರು ಬರುವ ನಡುವೆ ಡಾಕ್ಟರು ಒಮ್ಮೆ ಕಣ್ಣು ಹಾಯಿಸುತ್ತಾರೆ ಎಂಬ ಒಪ್ಪಂದವನ್ನು ಅವರ ಬಾಯಲ್ಲೇ ಸಿಬ್ಬಂದಿಗೆ ಹೇಳಿಸಿ. ಆ ಭರವಸೆ ಇಲ್ಲದ ರಿಸೆಪ್ಷನಿಸ್ಟ್ ಸಂದೇಶವನ್ನೂ ಕಳಿಸಿ ಬಾಗಿಲನ್ನೂ ತಟ್ಟುತ್ತಾರೆ.

ಬರೆಯುವ ಬಗೆಗೂ ಕಟ್ಟುಪಾಡು ಬೇಕು. ರೋಗಿಯ ಹೆಸರು, ಕಾಯಿಲೆ ಬೇಡ, ಟೋಕನ್ ನಂಬರ್ ಸಾಕು. ‘ಟೋಕನ್ 14, ರಿಪೋರ್ಟ್ ಬಂತು’ ಎಂಬುದನ್ನು ಕೌಂಟರಿನಾಚೆ ನಿಂತವರು ಓದಿದರೂ ಏನೂ ಕೆಡುವುದಿಲ್ಲ. ಎಚ್‌ಐವಿ ಪರೀಕ್ಷೆಯ ಫಲಿತಾಂಶವಂತೂ ಯಾವ ರೂಪದಲ್ಲೂ ಇಲ್ಲಿ ಬರಕೂಡದು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಈ ಮಾಹಿತಿಯ ಗುಟ್ಟು ಕಾಯುವುದನ್ನು ಕಡ್ಡಾಯ ಮಾಡಿದೆ. ಸಂಖ್ಯೆ ಇರುವ ಸಂದೇಶಕ್ಕೆ ‘ಓಕೆ’ ಎಂದು ಉತ್ತರಿಸುವ ಅಭ್ಯಾಸವನ್ನು ಮೊದಲ ದಿನವೇ ಮುರಿಯಬೇಕು. ‘14ರವರಿಗೆ ಶುಗರ್ ಮತ್ತೆ 11.30ಕ್ಕೆ’ ಎಂದು ಬಂದರೆ ‘14, 11.30’ ಎಂದೇ ಮರಳಿ ಬರೆಯಬೇಕು. ಹೆಬ್ಬೆರಳಿನ ಚಿಹ್ನೆ ನೋಡಿದ್ದಕ್ಕೆ ಸಾಕ್ಷಿಯಾದೀತು, ಅರ್ಥವಾದದ್ದಕ್ಕೆ ಆಗುವುದಿಲ್ಲ.

ಹಿರಿಯ ಡಾಕ್ಟರಿಗೆ ಟೈಪಿಂಗ್ ಬರುವುದಿಲ್ಲ, ಸಿಸ್ಟರ್‌ಗೆ ಇಂಗ್ಲಿಷ್ ಕಷ್ಟ ಎನ್ನುವವರಿದ್ದಾರೆ. ‘ಕಳಿಸಿ’, ‘ಹತ್ತು ನಿಮಿಷ’, ‘ನಾನೇ ಬರುತ್ತೇನೆ’, ‘ಫೋನ್ ಮಾಡಿ’ ಎಂಬ ನಾಲ್ಕು ಸಿದ್ಧ ಉತ್ತರಗಳಲ್ಲಿ ಡಾಕ್ಟರ ಬಹುಪಾಲು ಕೆಲಸ ಮುಗಿಯುತ್ತದೆ. ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆ ಇದ್ದೇ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೂ ಸರಿಯೇ, ಔಷಧಿಯ ಹೆಸರನ್ನು ಮಾತ್ರ ಮೊಟಕು ಮಾಡಬಾರದು. ‘ಮೆಟ್’ ಎಂದರೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ನೋ ರಕ್ತದೊತ್ತಡದ ಮೆಟೊಪ್ರೊಲಾಲೋ ಎಂದು ಯಾರೂ ಊಹಿಸುವಂತಾಗಬಾರದು. ಮುಖಾಮುಖಿ ಮಾತು ಕಡಿಮೆಯಾಗಿ ಸಿಬ್ಬಂದಿಯ ನಡುವಿನ ಸಲುಗೆ ಒಣಗುತ್ತದೆ ಎಂಬ ಚಿಂತೆ ಹುಸಿಯಲ್ಲ. ತಪ್ಪು ತೋರಿಸುವುದು, ಬೈಯುವುದು, ರಜೆಯ ಚೌಕಾಸಿ ಇವನ್ನು ಪರದೆಗೆ ತಂದರೆ ಅದು ನಿಜವೇ ಆಗುತ್ತದೆ. ಅವು ಎದುರು ಕೂತು ಆಡುವ ಮಾತುಗಳು.

ಕೊನೆಗೆ ಉಳಿಯುವ ಪ್ರಶ್ನೆ ಹಳೆಯ ಸಂದೇಶಗಳದು. ವೈದ್ಯರ ನಡವಳಿಕೆಯ 2002ರ ನಿಯಮಾವಳಿ ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎನ್ನುತ್ತದೆ. ಚಿಕಿತ್ಸೆಗೆ ಸಂಬಂಧಿಸಿದ್ದು ಚಾಟಿನಲ್ಲೇ ಉಳಿದರೆ ಆ 72 ಗಂಟೆಯಲ್ಲಿ ಅದನ್ನು ಹುಡುಕುವವರು ಯಾರು? ಆದ್ದರಿಂದ ಅಂಥದ್ದೇನಾದರೂ ಜಾರಿ ಬಂದಿದ್ದರೆ ಓಪಿಡಿ ಮುಗಿದ ಮೇಲೆ ಕೇಸ್ ಶೀಟಿಗೆ ಏರಿಸುವ ಹೊಣೆಯನ್ನು ಒಬ್ಬರಿಗೇ ವಹಿಸಿ. ಉಳಿದದ್ದನ್ನು ಎಷ್ಟು ದಿನಕ್ಕೆ ಅಳಿಸಬೇಕು ಎಂಬುದನ್ನು ಮಾಲೀಕರು ಬರೆದಿಟ್ಟು ಅದರಂತೆ ಅಳಿಸಲಿ. ದೂರು ಬಂದ ಮೇಲೆ ಅಳಿಸಲು ಕೂತರೆ ಅದಕ್ಕೆ ಬೇರೆಯೇ ಅರ್ಥ ಹುಟ್ಟುತ್ತದೆ. ಕೆಲಸ ಬಿಟ್ಟವರ ಸಂಬಳದ ಲೆಕ್ಕ ಚುಕ್ತಾ ಮಾಡುವ ದಿನವೇ ಅವರು ಕೂರುತ್ತಿದ್ದ ಕಂಪ್ಯೂಟರಿನ ಪಾಸ್‌ವರ್ಡೂ ಬದಲಾಗಲಿ.