ಒಂದು ಕೆಲಸಕ್ಕೆ ಅನೇಕ ಕೈಗಳು: ಗಣಕ ಸಂಶೋಧನೆಯೂ ನಮ್ಮ ಬಾಲಿಕೆಯರೂ



ಕೆಲವು ವರ್ಷಗಳ ಕೆಳಗೆ ನಮ್ಮ ಶಾಲೆಯಲ್ಲಿ ಕಲಿತು, ಮುಂದೆ ಇಂಜಿನಿಯರಿಂಗ್ ಪದವಿಯನ್ನು ಪಡೆದ ಒಬ್ಬ ಹುಡುಗಿಯು ಕಳಸದ ಕಡೆಯಿಂದ ನನ್ನನ್ನು ಕಾಣಲು ಬಂದಳು. ಅವಳ ಕೈಯಲ್ಲಿ ಒಂದು ವಿಶ್ವವಿದ್ಯಾಲಯದ ಪ್ರಕಟಣೆಯಿತ್ತು. ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ವಿಷಯದಲ್ಲಿಯೂ ಸಮಾಂತರ ಗಣಕಗಳ ರಚನೆಯಲ್ಲಿಯೂ ಕೆಲಸ ಮಾಡಲು ಸಂಶೋಧಕರು ಬೇಕಾಗಿದ್ದಾರೆಂದು ಅದರಲ್ಲಿ ತಿಳಿಸಿದ್ದರು. "ಮಿಸ್, ಇದಕ್ಕೆ ಅರ್ಜಿ ಹಾಕಲೋ, ಸಿಕ್ಕಿರುವ ಕಂಪನಿಯ ಕೆಲಸಕ್ಕೆ ಸೇರಲೋ?" ಎಂದು ಕೇಳಿದಳು. ಆ ಪ್ರಕಟಣೆಯ ಅರ್ಥವು ನನಗೆ ತಿಳಿಯಲಿಲ್ಲ. ತಿಳಿಯದೆಂದು ಹೇಳುವದಕ್ಕೆ ನಾಚಿಕೆಪಟ್ಟು, "ಬಡಿಸಿದ ಎಲೆಯನ್ನು ಬಿಟ್ಟು ಏಳಬೇಡಮ್ಮಾ" ಎಂದುಬಿಟ್ಟೆನು. ಅವಳು ನನ್ನ ಮಾತನ್ನು ಕೇಳಿ ಕೆಲಸಕ್ಕೆ ಸೇರಿದಳು.

ಆ ಮೇಲೆ ನಾನು ಆ ವಿಷಯವನ್ನು ಓದಿದೆನು. ಓದಿದಷ್ಟೂ ನನ್ನ ಉತ್ತರವು ಅವಸರದ್ದೆಂದು ತೋರಿತು. ಉಪಾಧ್ಯಾಯಿನಿಯು ತಾನು ಅರಿಯದ ಬಾಗಿಲನ್ನು ಮುಚ್ಚಬಾರದು. ಇನ್ನೊಬ್ಬ ಬಾಲಿಕೆಗೆ ಹಾಗೆ ಆಗದಿರಲಿ ಎಂಬ ಉದ್ದೇಶದಿಂದ ಈ ಪಾಠವನ್ನು ಬರೆದಿದ್ದೇನೆ.

1. ಸಮಾಂತರ ಕೆಲಸವೆಂದರೇನು?

ಕಾಫಿ ಹಣ್ಣು ಕೊಯ್ಯುವ ಕಾಲವನ್ನು ನೀವೆಲ್ಲರೂ ಬಲ್ಲಿರಿ. ಮೂಡಿಗೆರೆಯ ತೋಟವೊಂದರಲ್ಲಿ ಒಬ್ಬಳೇ ಹೆಂಗಸು ಒಂದು ಪಟ್ಟೆಯ ಹಣ್ಣನ್ನು ಕೊಯ್ಯಲು ಒಂಬತ್ತು ತಾಸು ಹಿಡಿಯುತ್ತದೆಂದು ಎಣಿಸಿರಿ. ಒಂಬತ್ತು ಮಂದಿ ಒಂದೊಂದು ಸಾಲನ್ನು ಹಿಡಿದರೆ ಒಂದೇ ತಾಸು ಸಾಕು. ಒಬ್ಬಳ ಕೈ ಇನ್ನೊಬ್ಬಳ ಬುಟ್ಟಿಗಾಗಿ ಕಾಯುವದಿಲ್ಲ. ಇದೇ ಸಮಾಂತರ ಕೆಲಸ. ಒಂದೇ ಲೆಕ್ಕವನ್ನು ಪಾಲು ಮಾಡಿ ಅನೇಕ ಪ್ರೊಸೆಸರುಗಳಿಗೆ ಏಕಕಾಲದಲ್ಲಿ ಒಪ್ಪಿಸುವ ಯಂತ್ರವೇ ಸಮಾಂತರ ಗಣಕವು.

ಆದರೆ ಸಂಜೆ ತೂಕವಾಗಬೇಕು. ತಕ್ಕಡಿ ಒಂದೇ, ರೈಟರೂ ಒಬ್ಬರೇ. ತೂಕಕ್ಕೆ ಒಂದು ತಾಸು ಬೇಕಾದರೆ, ಒಬ್ಬಳು ಮಾಡಿದಾಗ ಒಟ್ಟು ಹತ್ತು ತಾಸು, ಒಂಬತ್ತು ಮಂದಿ ಮಾಡಿದಾಗ ಎರಡು ತಾಸು. ಒಂಬತ್ತು ಪಟ್ಟು ಕೈಗಳಿಂದ ಐದು ಪಟ್ಟು ವೇಗ ಮಾತ್ರ ದೊರೆಯಿತು. ಸಾವಿರ ಮಂದಿಯನ್ನು ಕರೆತಂದರೂ ಆ ಒಂದು ತಾಸು ಕಡಿಮೆಯಾಗದು. ವೇಗವು ಹತ್ತು ಪಟ್ಟನ್ನು ಎಂದಿಗೂ ಮುಟ್ಟದು. ಈ ನಿಯಮವನ್ನು 1967ರಲ್ಲಿ ಜೀನ್ ಆಮ್ಡಾಲ್ ಎಂಬ ಗಣಕ ಶಿಲ್ಪಿಯು ವಿವರಿಸಿದನು. ಇದರಿಂದ ತಿಳಿಯತಕ್ಕದ್ದೇನೆಂದರೆ, ಕೈಗಳನ್ನು ಹೆಚ್ಚಿಸುವದು ಮಾತ್ರ ಸಾಲದು. ಪಾಲಾಗದ ಕೆಲಸವನ್ನು ಕಡಿಮೆ ಮಾಡುವ ಬುದ್ಧಿಯೂ ಬೇಕು.

2. ಕರಿಹಲಗೆಯೂ ಸ್ಲೇಟುಗಳೂ

ಕರಿಹಲಗೆಯ ಮೇಲೆ 10 ಎಂದು ಬರೆದಿದೆ. ಒಬ್ಬ ಬಾಲಿಕೆಗೆ "ಅದಕ್ಕೆ 5 ಕೂಡಿಸು" ಎಂದೂ ಇನ್ನೊಬ್ಬಳಿಗೆ "ಅದನ್ನು ಇಮ್ಮಡಿಸು" ಎಂದೂ ಹೇಳಿದೆವು. ಮೊದಲನೆಯವಳು ಮುಂದಾದರೆ 30 ಬರುವದು. ಎರಡನೆಯವಳು ಮುಂದಾದರೆ 25. ಇಬ್ಬರೂ ಒಟ್ಟಿಗೆ 10ನ್ನು ನೋಡಿಕೊಂಡು ಒಬ್ಬರ ಮೇಲೊಬ್ಬರು ಅಳಿಸಿ ಬರೆದರೆ 15 ಅಥವಾ 20 ಉಳಿಯುವದು. ಬಾಲಿಕೆಯರಲ್ಲಿ ಯಾರೂ ಲೆಕ್ಕದಲ್ಲಿ ತಪ್ಪಲಿಲ್ಲ. ಆದರೂ ಉತ್ತರವು ನಾಲ್ಕು ವಿಧವಾಯಿತು. ಒಂದೇ ಹಲಗೆಯನ್ನು ಅನೇಕರು ಅಳಿಸಿ ಬರೆಯುವದೇ ದೋಷಕ್ಕೆ ಕಾರಣ. ಸಾಮಾನ್ಯ ರೀತಿಯ ಪ್ರೋಗ್ರಾಮುಗಳನ್ನು ಅನೇಕ ಪ್ರೊಸೆಸರುಗಳಿಗೆ ಹಂಚುವಾಗ ಇಂಥ ತೊಡಕುಗಳೇ ಬರುತ್ತವೆ.

ಈಗ ಒಬ್ಬೊಬ್ಬಳಿಗೂ ಒಂದೊಂದು ಸ್ಲೇಟು ಕೊಡಿರಿ. ಒಬ್ಬಳು 12ನ್ನು 7ರಿಂದ ಗುಣಿಸಿ 84 ಎಂದು ಬರೆಯಲಿ. ಮತ್ತೊಬ್ಬಳು 9ನ್ನು 8ರಿಂದ ಗುಣಿಸಿ 72 ಎಂದು ಬರೆಯಲಿ. ಮೂರನೆಯವಳು ಎರಡನ್ನೂ ಕೂಡಿಸಿ 156 ಎನ್ನಲಿ. ಮೊದಲಿಬ್ಬರಲ್ಲಿ ಯಾರು ಮೊದಲು ಮುಗಿಸಿದರೂ ಉತ್ತರವು ಬದಲಾಗದು. ಗಣಿತಶಾಸ್ತ್ರದ ಫಂಕ್ಷನ್ ಎಂಬದು ಇಂಥದೇ: ಕೊಟ್ಟದ್ದು ಅದೇ ಆದರೆ ಬರುವದೂ ಅದೇ, ಹೊರಗಿನ ಯಾವದನ್ನೂ ಅದು ಅಳಿಸುವದಿಲ್ಲ. ಪ್ರೋಗ್ರಾಮನ್ನು ಇಂಥ ಫಂಕ್ಷನುಗಳಿಂದಲೇ ಕಟ್ಟುವ ಕ್ರಮಕ್ಕೆ ಫಂಕ್ಷನಲ್ ಪ್ರೋಗ್ರಾಮಿಂಗ್ ಎಂದು ಹೆಸರು. ಆದ್ದರಿಂದಲೇ ಇದು ಸಮಾಂತರ ಗಣಕಕ್ಕೆ ಒಪ್ಪುವ ಜೊತೆಯೆಂದು ಪಂಡಿತರು ಎಣಿಸುತ್ತಾರೆ.

ಆದರೆ ಇದು ತಾನಾಗಿಯೇ ಕೈಗೂಡುವ ಮಾತಲ್ಲ. ಮೇಸ್ತ್ರಿಯು ಒಬ್ಬೊಬ್ಬಳಿಗೆ ಒಂದೊಂದೇ ಹಣ್ಣನ್ನು ಕೊಯ್ಯಲು ಹೇಳುತ್ತಾ ಹೋದರೆ, ಹೇಳುವ ಶ್ರಮವೇ ಕೊಯ್ಯುವ ಶ್ರಮಕ್ಕಿಂತ ಹೆಚ್ಚಾಗುವದು. ಪಾಲು ಎಷ್ಟು ದೊಡ್ಡದಿರಬೇಕು? ಬುಟ್ಟಿಯನ್ನು ಎಲ್ಲಿ ಇಡಬೇಕು? ಭಾಷೆಗೆ ತಕ್ಕಂತೆ ಯಂತ್ರವನ್ನು ಮಾಡಬೇಕೋ, ಯಂತ್ರಕ್ಕೆ ತಕ್ಕಂತೆ ಭಾಷೆಯನ್ನೋ? ಈ ಪ್ರಶ್ನೆಗಳಿಗಾಗಿಯೇ ಸಂಶೋಧಕರು ಬೇಕಾಗಿರುವದು.

3. ಸ್ವಲ್ಪ ಚರಿತ್ರೆ

1930ರ ದಶಕದಲ್ಲಿ ಅಮೆರಿಕದ ಅಲೊಂಜೊ ಚರ್ಚ್ ಎಂಬ ಗಣಿತಜ್ಞನು ಫಂಕ್ಷನುಗಳ ಬಗ್ಗೆ ಲ್ಯಾಂಬ್ಡಾ ಕಲನವೆಂಬ ಶಾಸ್ತ್ರವನ್ನು ರಚಿಸಿದನು. ಆಗ ಇಂದಿನಂಥ ಗಣಕವೇ ಇರಲಿಲ್ಲ. 1958ರಲ್ಲಿ ಜಾನ್ ಮೆಕಾರ್ಥಿಯು ಲಿಸ್ಪ್ ಭಾಷೆಯನ್ನು ಆರಂಭಿಸುವಾಗ ಅದರಿಂದ ಕೆಲವು ವಿಚಾರಗಳನ್ನು ತೆಗೆದುಕೊಂಡನು. ಫೋರ್ಟ್ರಾನ್ ಭಾಷೆಯನ್ನು ರಚಿಸಿದ ತಂಡದ ನಾಯಕನಾಗಿದ್ದ ಜಾನ್ ಬ್ಯಾಕಸ್, 1977ರಲ್ಲಿ ಟ್ಯೂರಿಂಗ್ ಪಾರಿತೋಷಕವನ್ನು ಸ್ವೀಕರಿಸಿದ ಭಾಷಣದಲ್ಲಿ, ಹಳೆಯ ರೀತಿಯ ಕೊರತೆಗಳನ್ನು ಎತ್ತಿ ತೋರಿಸಿ ಫಂಕ್ಷನಲ್ ರೀತಿಯ ಪಕ್ಷವನ್ನು ವಹಿಸಿದನು. ಗಣಕದ ನೆನಪಿನ ಭಾಗಕ್ಕೂ ಲೆಕ್ಕ ಮಾಡುವ ಭಾಗಕ್ಕೂ ನಡುವೆ ಇಕ್ಕಟ್ಟಾದ ಒಂದೇ ದಾರಿಯಿರುವದೇ ತೊಂದರೆಯ ಮೂಲವೆಂದು ಅವನು ಹೇಳಿದನು. ಒಂದೇ ಲಾರಿ ದಾಟಬಲ್ಲ ಹೊಳೆಯ ಸೇತುವೆಯನ್ನು ನೆನಸಿಕೊಂಡರೆ ಇದು ನಿಮಗೆ ತಿಳಿದೀತು. ತನ್ನ ಕೀರ್ತಿಗೆ ಕಾರಣವಾದ ಕೆಲಸದ ಕೊರತೆಯನ್ನು ತಾನೇ ಸಭೆಯಲ್ಲಿ ಹೇಳಿದ್ದು ವಿದ್ವಾಂಸನಿಗೆ ತಕ್ಕ ನಡತೆ.

1980ರ ದಶಕದಲ್ಲಿ ಫಂಕ್ಷನಲ್ ಭಾಷೆಗಳಿಗಾಗಿಯೇ ಹೊಸ ಯಂತ್ರಗಳನ್ನು ಕಟ್ಟಲು ಲಂಡನ್, ಮ್ಯಾಂಚೆಸ್ಟರ್ ಮುಂತಾದ ಕಡೆಗಳಲ್ಲಿ ಯತ್ನಿಸಿದರು. ಕಾನ್ಪುರದ ಐ.ಐ.ಟಿ.ಯಲ್ಲಿ ಕಲಿತು ಅಮೆರಿಕದ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾಗಿದ್ದ ಅರವಿಂದ್ ಅವರು ಡೇಟಾಫ್ಲೋ ಎಂಬ ಯಂತ್ರರಚನೆಯಲ್ಲಿ ಹೆಸರು ಪಡೆದರು. ಅವರು 2024ರಲ್ಲಿ ತೀರಿಕೊಂಡರು. ಬೇಕಾದ ಸಂಖ್ಯೆಗಳು ಬಂದು ಸೇರಿದೊಡನೆ ಲೆಕ್ಕವು ನಡೆಯಬೇಕು, ಸರದಿಗಾಗಿ ಕಾಯಬಾರದು ಎಂಬದೇ ಆ ರಚನೆಯ ತತ್ವ. ಅಷ್ಟರಲ್ಲಿ ಸಾಮಾನ್ಯ ಪ್ರೊಸೆಸರುಗಳ ವೇಗವು ವರ್ಷ ವರ್ಷಕ್ಕೂ ಏರುತ್ತಾ ಬಂದದ್ದರಿಂದ ಆ ವಿಶೇಷ ಯಂತ್ರಗಳು ಹಿಂದೆ ಬಿದ್ದವು. ಆದರೆ ಸುಮಾರು 2005ರ ವೇಳೆಗೆ, ಹೆಚ್ಚು ವೇಗದಿಂದ ಹೆಚ್ಚು ಕಾವು ಹುಟ್ಟುವ ಕಾರಣ, ಆ ಏರಿಕೆಯು ನಿಂತಂತಾಯಿತು. ಆಗ ಒಂದೇ ಚಿಪ್ಪಿನಲ್ಲಿ ಅನೇಕ ಕೋರುಗಳನ್ನು ಇಡುವದೇ ದಾರಿಯಾಯಿತು. ಇಂದು ನಿಮ್ಮ ಮನೆಯ ಮೊಬೈಲ್ ಫೋನೂ ಸಮಾಂತರ ಗಣಕವೇ. 2004ರಲ್ಲಿ ಗೂಗಲ್ ಕಂಪನಿಯ ಇಬ್ಬರು ಇಂಜಿನಿಯರುಗಳು ಸಾವಿರಾರು ಗಣಕಗಳಿಗೆ ಕೆಲಸ ಹಂಚುವ ಮ್ಯಾಪ್‌ರೆಡ್ಯೂಸ್ ಎಂಬ ಕ್ರಮವನ್ನು ಪ್ರಕಟಿಸಿದಾಗ, ಅದರ ಮೂಲ ಕಲ್ಪನೆಯನ್ನು ಲಿಸ್ಪ್ ಮುಂತಾದ ಫಂಕ್ಷನಲ್ ಭಾಷೆಗಳಿಂದಲೇ ತೆಗೆದುಕೊಂಡರು. ಹಿಂದೆ ಬಿದ್ದ ಸಂಶೋಧನೆಯು ವ್ಯರ್ಥವಾಗಲಿಲ್ಲ. ನೆಲದಲ್ಲಿದ್ದ ಬೀಜದಂತೆ ಕಾಲಕ್ಕೆ ಮೊಳೆಯಿತು.

4. ನಮ್ಮ ನಾಡಿನಲ್ಲಿ

ಇವೆಲ್ಲವೂ ದೂರ ದೇಶದ ಮಾತೆಂದು ನೆನಸಬೇಡಿರಿ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, 1986ರಲ್ಲಿ ಯು. ಎನ್. ಸಿನ್ಹಾ ಅವರ ನೇತೃತ್ವದಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು ಕಟ್ಟಿದರು. ಇದು ಭಾರತದ ಮೊದಲನೆಯ ಸಮಾಂತರ ಗಣಕವೆಂದು ಹೆಸರಾಗಿದೆ. ಪೇಟೆಯಲ್ಲಿ ದೊರೆಯುವ ಸಣ್ಣ ಪ್ರೊಸೆಸರುಗಳನ್ನೇ ಜೋಡಿಸಿ, ವಿಮಾನದ ರೆಕ್ಕೆಯ ಸುತ್ತ ಗಾಳಿಯು ಹರಿಯುವ ಲೆಕ್ಕವನ್ನು ಅದರಿಂದ ಮಾಡಿದರು. ಮುಂದೆ ಆ ಸಾಲಿನ ಯಂತ್ರಗಳನ್ನು ಮಳೆಗಾಲದ ಮುನ್ಸೂಚನೆಯ ಲೆಕ್ಕಕ್ಕೂ ಉಪಯೋಗಿಸಿದರು. ಹೂಮಳೆಯು ಒಂದು ವಾರ ತಡವಾದರೆ ಮನೆಯ ಮಾತೆಲ್ಲ ಹ್ಯಾಗೆ ಬದಲಾಗುತ್ತದೆಂದು ಕಾಫಿ ಸೀಮೆಯ ಮಕ್ಕಳಾದ ನಿಮಗೆ ಹೇಳಬೇಕೇ? ಆಕಾಶವನ್ನು ಚೌಕಗಳಾಗಿ ಪಾಲುಮಾಡಿ ಒಂದೊಂದನ್ನು ಒಂದೊಂದು ಪ್ರೊಸೆಸರಿಗೆ ಒಪ್ಪಿಸುವದೇ ಆ ಲೆಕ್ಕದ ರೀತಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 1909ರಲ್ಲಿ ಸ್ಥಾಪಿತವಾಯಿತು. ಅಲ್ಲಿ ಗಣಕವಿಜ್ಞಾನದ ವಿಭಾಗವೂ ಸೂಪರ್ ಕಂಪ್ಯೂಟರಿನ ಕೇಂದ್ರವೂ ಇವೆ. 2022ರಲ್ಲಿ ಅಲ್ಲಿ ಸ್ಥಾಪಿಸಿದ ಪರಮ್ ಪ್ರವೇಗ ಎಂಬ ಯಂತ್ರವು ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕಗಳನ್ನು ಮಾಡಬಲ್ಲ ಶಕ್ತಿಯದು.

ಸಂಶೋಧನೆ ಎಂಬದೂ ನಮ್ಮ ಬೆಟ್ಟಗಳಿಗೆ ಹೊಸದಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವು 1925ರಲ್ಲಿ ಆರಂಭವಾಯಿತು. ಎಲೆಯ ತುಕ್ಕು ರೋಗವನ್ನು ತಾಳಬಲ್ಲ ಗಿಡಗಳಿಗಾಗಿ ಅಲ್ಲಿ ವರ್ಷಗಟ್ಟಲೆ ತಾಳ್ಮೆಯಿಂದ ದುಡಿದರು. ನಮ್ಮ ತೋಟಗಳಲ್ಲಿ ಕಾಣುವ ಎಸ್. 795 ಎಂಬ ಅರೇಬಿಕಾ ತಳಿಯು ಆ ದುಡಿಮೆಯ ಫಲ.

5. ಸಂಶೋಧಕರನ್ನು ಆರಿಸುವ ರೀತಿ

ಇಂಜಿನಿಯರಿಂಗ್ ಪದವೀಧರೆಯರು ಸಾಮಾನ್ಯವಾಗಿ ಗೇಟ್ ಎಂಬ ಪರೀಕ್ಷೆಯನ್ನು ಬರೆದು, ಅದರ ಮೇಲೆ ಸಂದರ್ಶನಕ್ಕೆ ಹೋಗಿ ಪಿಎಚ್.ಡಿ. ವ್ಯಾಸಂಗಕ್ಕೆ ಸೇರುತ್ತಾರೆ. ಒಂದು ನಿಶ್ಚಿತ ಕೆಲಸಕ್ಕೆ ಹಣ ದೊರೆತಾಗ ಪ್ರಾಧ್ಯಾಪಕರು ಪ್ರಾಜೆಕ್ಟ್ ಅಸೋಸಿಯೇಟ್ ಮುಂತಾದ ಹುದ್ದೆಗಳಿಗೆ ಪ್ರಕಟಣೆ ಕೊಡುವದೂ ಉಂಟು. ಅದು ಒಂದೆರಡು ವರ್ಷದ ಹುದ್ದೆಯಾದರೂ ಸಂಶೋಧನೆಯ ರುಚಿ ನೋಡಲು ಒಳ್ಳೆಯ ಮೆಟ್ಟಲು.

ಆರಿಸುವವರು ನೋಡುವದೇನು? ಮೊದಲನೆಯದು, ಗಣಿತದಲ್ಲಿ ಸಿದ್ಧಾಂತವನ್ನು ಹೆಜ್ಜೆ ಹೆಜ್ಜೆಯಾಗಿ ಸಾಧಿಸುವ ಅಭ್ಯಾಸ. ಎರಡನೆಯದು, ಭಾಷೆಯನ್ನೂ ಯಂತ್ರವನ್ನೂ ಒಟ್ಟಿಗೆ ಯೋಚಿಸುವ ಮನಸ್ಸು. ಪಲ್ಪರನ್ನು ಮಾತ್ರ ಬಲ್ಲವನೂ ಕಣವನ್ನು ಮಾತ್ರ ಬಲ್ಲವನೂ ಕೂಡಿದರೆ ಸಾಲದು. ಇಬ್ಬರ ನಡುವೆ ಹಣ್ಣು ಕೊಳೆಯದಂತೆ ನೋಡಿಕೊಳ್ಳುವವರು ಬೇಕು. ಮೂರನೆಯದು, ತಾನು ಸ್ವತಃ ಮಾಡಿ ನೋಡಿದ ಒಂದು ಸಣ್ಣ ಕೆಲಸ. ನಾಲ್ಕನೆಯದು, ಕಂಡದ್ದನ್ನು ಸ್ಪಷ್ಟವಾಗಿ ಬರೆಯುವ ಶಕ್ತಿ. ಐದನೆಯದು, "ಇದು ನನಗೆ ಗೊತ್ತಿಲ್ಲ" ಎನ್ನುವ ಧೈರ್ಯ. ಈ ಐದನೆಯದು ಅಂದು ನನ್ನಲ್ಲಿಯೇ ಇರಲಿಲ್ಲ.

6. ತಾಯಿತಂದೆಗಳಿಗೆ ಎರಡು ಮಾತು

"ಇಷ್ಟು ಓದಿದ ಮೇಲೆ ಮತ್ತೆ ಐದು ವರ್ಷ ಓದೇ? ಸಂಬಳವಿಲ್ಲದೆ ನಡೆಯುವದು ಹ್ಯಾಗೆ?" ಎಂದು ನೀವು ಕೇಳುವದು ನ್ಯಾಯವೇ. ಸಂಶೋಧನೆಗೆ ಸೇರಿದವರಿಗೆ ವೇತನವುಂಟು. 2023ರ ಜನವರಿಯಿಂದ ಕೇಂದ್ರ ಸರಕಾರದ ಕಿರಿಯ ಸಂಶೋಧನಾ ವೇತನವು ತಿಂಗಳಿಗೆ 37,000 ರೂಪಾಯಿ, ಹಿರಿಯ ವೇತನವು 42,000 ರೂಪಾಯಿ ಆಯಿತು. ಇದು ಕಂಪನಿಯ ಸಂಬಳಕ್ಕಿಂತ ಕಡಿಮೆಯಾಗಬಹುದು, ಅದನ್ನು ಮರೆಮಾಚಲಾರೆನು. ಮನೆಯಲ್ಲಿ ಸಾಲವಿದ್ದು, ತಮ್ಮ ತಂಗಿಯರು ಓದಬೇಕಾಗಿದ್ದರೆ, ಮಗಳು ಕೆಲಸಕ್ಕೆ ಸೇರುವದು ತಪ್ಪಲ್ಲ. ಆದರೆ ಆ ಆಯ್ಕೆಯನ್ನು ಎರಡು ಬಾಗಿಲುಗಳನ್ನೂ ನೋಡಿ ಮಾಡಬೇಕು.

"ಹೆಣ್ಣು ಮಕ್ಕಳಿಗೆ ಇದೆಲ್ಲ ಏಕೆ?" ಎಂಬವರಿಗೆ ಇಬ್ಬರ ಹೆಸರು ಹೇಳುತ್ತೇನೆ. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿಯು ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣದಿಂದ ಸಿ. ವಿ. ರಾಮನ್ ಅವರು ಮೊದಲು ನಿರಾಕರಿಸಿದರು. ಆಕೆಯು ಹಟ ಬಿಡಲಿಲ್ಲ. ಷರತ್ತುಗಳ ಮೇಲೆ ಸೇರಿ, ಕೆಲಸದಿಂದಲೇ ಉತ್ತರ ಕೊಟ್ಟು, ಮುಂದೆ 1939ರಲ್ಲಿ ಕೇಂಬ್ರಿಜಿನಲ್ಲಿ ಪಿಎಚ್.ಡಿ. ಪಡೆದಳು. ಕರ್ನಾಟಕದ ಪ್ರಥಮ ಮಹಿಳಾ ಇಂಜಿನಿಯರೆಂದು ಹೆಸರಾದ ರಾಜೇಶ್ವರಿ ಚಟರ್ಜಿಯವರು ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಅದೇ ಸಂಸ್ಥೆಯನ್ನು ಸೇರಿ, ಅಮೆರಿಕದ ಮಿಷಿಗನ್ನಿನಲ್ಲಿ ವ್ಯಾಸಂಗ ಮಾಡಿ ಹಿಂತಿರುಗಿ, ಅಲ್ಲಿಯೇ ಪ್ರಾಧ್ಯಾಪಕಿಯಾದರು.

ಬೆಳೆಯು ಹೆಚ್ಚಾಗಿದ್ದು ಕೊಯ್ಯುವವರು ಕಡಿಮೆಯಿರುವದನ್ನು ಕಂಡು ನಮ್ಮ ಕರ್ತನು ಶಿಷ್ಯರೊಂದಿಗೆ ಆಡಿದ ಮಾತನ್ನು ನೀವು ಬೆಳಗಿನ ಪ್ರಾರ್ಥನೆಯಲ್ಲಿ ಕೇಳಿದ್ದೀರಿ. ಆ ಕೊಯ್ಲು ಬೇರೆಯಾದರೂ, ಕರೆಯುವಾಗ ಕೇಳಿಸಿಕೊಳ್ಳಬೇಕೆಂಬ ಪಾಠವು ಒಂದೇ.

ಮೊದಲು ಹೇಳಿದ ಆ ಹುಡುಗಿಯಿಂದ ಈ ವರ್ಷ ಒಂದು ಪತ್ರ ಬಂತು. ಅವಳು ಗೇಟ್ ಪರೀಕ್ಷೆ ಬರೆದಿದ್ದಾಳೆ. ಮತ್ತೆ ಅರ್ಜಿ ಹಾಕುವ ಮುಂಚೆ ನನ್ನ ಅಭಿಪ್ರಾಯವನ್ನು ಕೇಳಿದ್ದಾಳೆ. ಈ ಸಲ ಪ್ರಕಟಣೆಯನ್ನು ಕಡೆಯ ತನಕ ಓದಿ, ತಿಳಿಯದ ಮಾತುಗಳನ್ನು ಅವಳನ್ನೇ ಕೇಳಿ ತಿಳಿದುಕೊಂಡು, ಆ ಮೇಲೆ ಉತ್ತರ ಬರೆದೆನು. ಫಲಿತಾಂಶವು ಇನ್ನೂ ಬಂದಿಲ್ಲ.

ಅಭ್ಯಾಸ

1. ಕೊಯ್ಲಿಗೆ ಹದಿನೆಂಟು ತಾಸು, ತೂಕಕ್ಕೆ ಎರಡು ತಾಸು ಹಿಡಿಯುವದಾದರೆ, ಆರು ಮಂದಿ ಕೊಯ್ದಾಗ ವೇಗವು ಎಷ್ಟು ಪಟ್ಟಾಗುವದು?
2. ಕರಿಹಲಗೆಯ ಲೆಕ್ಕದಲ್ಲಿ ನಾಲ್ಕು ಉತ್ತರಗಳು ಬಂದದ್ದು ಹ್ಯಾಗೆ? ಸ್ಲೇಟು ಕೊಟ್ಟಾಗ ಆ ದೋಷವು ಏಕೆ ತಪ್ಪಿತು?
3. ನಿಮ್ಮ ಮನೆಯ ಕೆಲಸಗಳಲ್ಲಿ ಪಾಲಾಗುವವು ಯಾವವು, ಪಾಲಾಗದವು ಯಾವವು? ತಾಯಿಯೊಡನೆ ಕುಳಿತು ಪಟ್ಟಿ ಮಾಡಿರಿ.