ಈ ತಿಂಗಳ ಪಾಠ: ಆರಾಧನೆ ಅಂದ್ರೆ ಏನು?



ಜನ್ನಾಪುರದ ನಮ್ಮ ಒಂದು ಸಂಘದಲ್ಲಿ ಇಬ್ಬರು ಸದಸ್ಯೆಯರು ಮಾತು ಬಿಟ್ಟು ಮೂರು ತಿಂಗಳಾಗಿತ್ತು. ಒಬ್ಬರ ಗಂಡನಿಗೆ ಕಾರ್ಖಾನೆ ಕೆಲಸ ಹೋಗಿ ಸಾಲದ ಎರಡು ಕಂತು ಬಾಕಿ ಉಳಿದಿತ್ತು. ಇನ್ನೊಬ್ಬರು ಅದನ್ನು ಎಲ್ಲರೆದುರು ಆಡಿಬಿಟ್ಟಿದ್ದರು. ಇಬ್ಬರೂ ಭಾನುವಾರದ ಬಲಿಪೂಜೆ ತಪ್ಪಿಸುವವರಲ್ಲ. ಆದರೆ ಶಾಂತಿ ಕೋರುವ ಹೊತ್ತಿಗೆ ಒಬ್ಬರು ಎಡಕ್ಕೆ ತಿರುಗಿದರೆ ಇನ್ನೊಬ್ಬರು ಬಲಕ್ಕೆ! ಅದಕ್ಕೇ ಅಂದು ಲೆಕ್ಕದ ಪುಸ್ತಕ ಪಕ್ಕಕ್ಕಿಟ್ಟು ಆರಾಧನೆ ಬಗ್ಗೆ ಮಾತಾಡಿದೆವು.

ಆರಾಧನೆ ಅಂದ ಕೂಡಲೆ ಹಾಡು, ಜಪಸರ, ಮೇಣದ ಬತ್ತಿ ನೆನಪಾಗುತ್ತೆ. ಅವೂ ಬೇಕು. ಆದರೆ ಸಂತ ಮತ್ತಾಯರ ಶುಭಸಂದೇಶದ 5ನೇ ಅಧ್ಯಾಯ ನೋಡಿ. ಕಾಣಿಕೆ ಹಿಡಿದು ಬಲಿಪೀಠದ ಹತ್ತಿರ ಬಂದಾಗ, ಯಾರಿಗೋ ನಿಮ್ಮ ಮೇಲೆ ಮನಸ್ತಾಪವಿದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಿ ಬನ್ನಿ ಅಂತಾರೆ ಯೇಸು. 'ನಿಮಗೆ ಕೋಪವಿದ್ದರೆ' ಅಂತಲ್ಲ, 'ಅವರಿಗೆ ನಿಮ್ಮ ಮೇಲೆ ಇದ್ದರೆ'. ಹಾಗಾಗಿ 'ಅವಳೇ ಬರಲಿ' ಅನ್ನೋ ಮಾತು ಇಲ್ಲಿ ನಡೆಯಲ್ಲ. ಸಂಘದ ಹಿಂದೂ ಸಹೋದರಿಯೊಬ್ಬರು, "ಜಗಳ ಇಟ್ಕೊಂಡು ದೀಪ ಹಚ್ಚಬಾರದು ಅಂತ ನಮ್ಮಜ್ಜಿನೂ ಹೇಳೋರು" ಅಂದರು.

ಇನ್ನೊಂದು ವಿಷಯ ನಮಗೆ ಬಹಳ ಹಿಡಿಸಿತು. ವಾರದ ಮೊದಲ ದಿನ ಪ್ರತಿಯೊಬ್ಬರೂ ಗಳಿಕೆಗೆ ತಕ್ಕಂತೆ ಸ್ವಲ್ಪ ಎತ್ತಿಡಿ ಅಂತ ಸಂತ ಪೌಲರು ಕೊರಿಂಥದವರಿಗೆ ಬರೆದಿದ್ದಾರೆ. ಜೆರುಸಲೇಮಿನ ಬಡವರಿಗಾಗಿ. ನಮ್ಮ ವಾರದ ಉಳಿತಾಯದಂತೆಯೇ ಅಲ್ಲವೇ? ಕ್ರಿ.ಶ. 155ರ ಸುಮಾರಿಗೆ ರೋಮಿನಲ್ಲಿದ್ದ ಸಂತ ಜಸ್ಟಿನ್, ಕ್ರೈಸ್ತರ ಭಾನುವಾರ ಹೇಗಿರುತ್ತೆ ಅಂತ ಚಕ್ರವರ್ತಿಗೆ ವಿವರಿಸಿದರು. ವಾಚನ, ಪ್ರಬೋಧನೆ, ರೊಟ್ಟಿ-ದ್ರಾಕ್ಷಾರಸ, ಅದರ ಜೊತೆಗೇ ಹಣ ಸಂಗ್ರಹ. ಆ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ, ಪರಊರಿನವರಿಗೆ. ಕಷ್ಟದಲ್ಲಿರುವವರ ನೆನಪು ಆರಾಧನೆಯ ಒಳಗೇ ಇತ್ತು.

ನಮ್ಮ ಅಜ್ಜಿಯರ ಕಾಲಕ್ಕೆ ಪೂಜೆ ಲತೀನಿನಲ್ಲಿ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನರ ಭಾಷೆಗೆ ದಾರಿ ಮಾಡಿತು. ಅರ್ಥವಾಗಲಿಲ್ಲ ಅನ್ನೋ ನೆವ ಈಗ ನಮಗಿಲ್ಲ.

ಮುಂದಿನ ವಾರ ಆ ಸಹೋದರಿ ಐವತ್ತು ರೂಪಾಯಿ ತಂದರು. ಬೈದವರೇ ಪಾಸ್‌ಬುಕ್ಕಿನಲ್ಲಿ ಬರೆದುಕೊಟ್ಟರು, ಮುಖ ನೋಡಲಿಲ್ಲ. ಮನೆಗೆ ಹೊರಟಾಗ ಮಾತ್ರ, "ಅವರಿಗೆ ಕೆಲಸ ಸಿಕ್ತಾ?" ಅಂತ ಕೇಳಿದರು.

ಸಭೆಯಲ್ಲಿ ಚರ್ಚಿಸಿ: ಕಂತು ಬಾಕಿ ಇರುವವರನ್ನು ನಿಮ್ಮ ಸಂಘದಲ್ಲಿ ಯಾರು, ಎಲ್ಲಿ, ಹೇಗೆ ಕೇಳುತ್ತೀರಿ?